ಸೈಡ್‌ಕಾರಿನ ಗುಂಡುಕಲ್ಲು

ನಮ್ಮ ಮನೆಯ ಬಾಗಿಲಿಗೆ ಒಂದು ಕೆಟ್ಟ ಚಾಳಿಯಿದೆ: ತೆರೆದರೆ ತೆರೆದ ಹಾಗೆ ನಿಲ್ಲುವುದಿಲ್ಲ. ಮುಂಬಯಿಯ ಆಂಟಾಪ್ ಹಿಲ್ಲಿನ ಈ ಹಳೆಯ ಬಿಲ್ಡಿಂಗಿನ ನೆಲಮಹಡಿಗೆ ಗಾಳಿ ಯಾವ ಸಂದಿಯಿಂದ ನುಗ್ಗುತ್ತದೋ ದೇವರೇ ಬಲ್ಲ, ನುಗ್ಗಿದ್ದು ಮಾತ್ರ ಬಾಗಿಲನ್ನು ಧಡಾರನೆ ಬಡಿದೇ ಮುಂದೆ ಹೋಗುತ್ತದೆ. ಅದಕ್ಕಾಗಿ ಬಾಗಿಲಿಗೊಂದು ಗುಂಡುಕಲ್ಲನ್ನು ಆನಿಸಿಟ್ಟಿದ್ದೆವು. ನನ್ನ ಹೆಂಡತಿ ವಾರಿಜ ಮದುವೆಯಾಗಿ ಉಡುಪಿಯ ಕಡೆಯಿಂದ ಬರುವಾಗ ಜೊತೆಗೆ ತಂದ ಕಡೆಯುವ ಕಲ್ಲಿನ ಗುಂಡು ಅದು. ಮನೆಗೆ ಗ್ರೈಂಡರ್ ಬಂದ ಮೇಲೆ ಒರಳು ಯಾರ ಪಾಲಾಯಿತೋ, ಗುಂಡು ಮಾತ್ರ ದ್ವಾರಪಾಲಕನ ಉದ್ಯೋಗ ಹಿಡಿದು ನಮ್ಮಲ್ಲೇ ಉಳಿಯಿತು.

ಕಳೆದ ವರ್ಷ ವಾರಿಜ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಕೋಲೂರಿ ಮನೆಯೊಳಗೆ ನಡೆಯುವಷ್ಟು ಆದಳು, ಆದರೆ ಹೊಸ್ತಿಲಿನಾಚೆ ಹೋಗುವುದನ್ನೇ ಬಿಟ್ಟಳು. ಗುಂಡುಕಲ್ಲು ಹಿಡಿದಿಟ್ಟ ಬಾಗಿಲಿನೆದುರು ಕುರ್ಚಿ ಹಾಕಿಕೊಂಡು, ಹೋಗಿಬರುವವರನ್ನು ನೋಡುತ್ತ ಕೂರುವುದೇ ಅವಳ ಲೋಕಸಂಚಾರವಾಯಿತು. ಕಾಲೊನಿಯ ಇನ್ನೊಂದು ತುದಿಯಲ್ಲಿ, ಏರು ದಾಟಿದ ಮೇಲೆ, ನಮ್ಮವರದೊಂದು ಸಣ್ಣ ಗುಡಿಯಿದೆ. ಅಲ್ಲಿ ಶನಿವಾರ ಸಂಜೆ ಭಜನೆ. ಮೊದಲ ಸೊಲ್ಲು ಎತ್ತಿಕೊಡುವವಳು ಯಾವಾಗಲೂ ವಾರಿಜಳೇ. ಅವಳಿಲ್ಲದ ಭಜನೆ ಒಗ್ಗರಣೆಯಿಲ್ಲದ ಸಾರಿನ ಹಾಗಾಗಿದೆ ಎಂದು ಬಂದವರೆಲ್ಲ ಹೇಳಿಹೋಗುತ್ತಿದ್ದರು. ಅಷ್ಟು ಹತ್ತಿರಕ್ಕೆ ಟ್ಯಾಕ್ಸಿಯವರು ಬರಲೊಪ್ಪುವುದಿಲ್ಲ. ಗಾಲಿಕುರ್ಚಿ ತರುತ್ತೇನೆಂದರೆ, ರೋಗಿಯ ಹಾಗೆ ನೂಕಿಸಿಕೊಂಡು ಹಾಡಲು ಹೋಗುವವಳು ತಾನಲ್ಲವೆಂದು ಮುಖ ತಿರುಗಿಸಿದಳು. ಹೀಗೇ ಬಿಟ್ಟರೆ ಈ ಕುರ್ಚಿಯೇ ಅವಳಿಗೆ ಕಾಯಂ ಆದೀತೆಂದು ನನಗೆ ದಿಗಿಲಾಯಿತು.

ನನ್ನಲ್ಲಿ ಇದ್ದದ್ದು ಒಂದು ಪುರಾತನ ಮೊಪೆಡ್. ಮೊಪೆಡ್ ಎನ್ನುವುದು ಗೌರವಕ್ಕೆ. ನಿಜದಲ್ಲಿ ಅದು ಎಂಜಿನ್ ಕಟ್ಟಿಕೊಂಡ ಸೈಕಲ್ಲು. ಪೆಡಲು ತುಳಿದರೆ ಎಚ್ಚರವಾಗುತ್ತದೆ, ಏರು ಕಂಡರೆ ಮತ್ತೆ ನಮ್ಮ ಕಾಲಿನ ಸಹಾಯ ಕೇಳುತ್ತದೆ. ಇದರ ಹಿಂದಿನ ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲಿಳಿಬಿಟ್ಟು ಕೂತು ವಾರಿಜ ಅರ್ಧ ಮುಂಬಯಿ ನೋಡಿದ್ದಾಳೆ. ಈಗ ಆ ಸೊಂಟಕ್ಕೆ ಕ್ಯಾರಿಯರ್ ಆಗದು. ಹಿಂದೆ ಆಗದಿದ್ದರೆ ಪಕ್ಕದಲ್ಲಿ ಯಾಕಾಗಬಾರದು ಎಂಬ ಹುಳ ತಲೆಯೊಳಗೆ ಹೊಕ್ಕಿತು ನೋಡಿ, ಮತ್ತೆ ನನಗೆ ಊಟದ ಮೇಲೂ ಗಮನವಿಲ್ಲ, ನಿದ್ದೆಯ ಮೇಲೂ ಇಲ್ಲ.

ಕುರ್ಲಾದಲ್ಲಿ ದಸ್ತಗೀರ್ ಎಂಬ ವೆಲ್ಡಿಂಗಿನವರಿದ್ದಾರೆ, ವಿಜಾಪುರದ ಕಡೆಯವರು. ಗಾಡಿಯ ಎಡಪಕ್ಕಕ್ಕೆ ಜೋಡಿಸುವ ಒಂಟಿಗಾಲಿಯ ಸೈಡ್‌ಕಾರ್ ಅವರೂ ಮಾಡಿದವರಲ್ಲ, ನಾನಂತೂ ಮಾಡಿಸಿದವನಲ್ಲ; ಹೀಗಾಗಿ ಇಬ್ಬರಿಗೂ ಸಮಸಮ ಹುರುಪು. ಗುಜರಿಯಿಂದ ಸ್ಕೂಟರಿನ ಗಾಲಿ, ಎರಡು ಸ್ಪ್ರಿಂಗು, ಒಂದಿಷ್ಟು ಪೈಪು ಬಂದವು. ಫೋರ್ಟ್ ಏರಿಯಾದಲ್ಲಿ ನಾನು ಅರ್ಧ ಆಯುಷ್ಯ ಮ್ಯಾನೇಜರಾಗಿದ್ದ ಹೋಟೆಲು ಮುಚ್ಚುವಾಗ ನೆನಪಿಗೆಂದು ತಂದಿಟ್ಟ ಮರದ ಕುರ್ಚಿ, ಕಾಲು ಕತ್ತರಿಸಿಕೊಂಡು ಆಸನವಾಯಿತು. ಎಷ್ಟು ವಿಚಿತ್ರ ಯೋಚಿಸಿ: ಎರಡು ಗಾಲಿಯದ್ದು ಓಡುತ್ತಿರುವವರೆಗೆ ಮಾತ್ರ ನಿಲ್ಲಬಲ್ಲದು, ನಿಂತರೆ ಬೀಳುತ್ತದೆ. ಮೂರನೆಯದನ್ನು ಕೂಡಿಸಿದಿರೋ, ನಿಂತಲ್ಲಿ ಅದರಷ್ಟು ಸಾಧು ಬೇರೆಯಿಲ್ಲ, ಓಡತೊಡಗಿದರೆ ಎಲ್ಲ ತಕರಾರು. ಗಾಲಿಯನ್ನು ಕೂದಲೆಳೆಯಷ್ಟು ಒಳಮುಖ ಮಾಡದಿದ್ದರೆ ಗಾಡಿ ಎಡಕ್ಕೇ ಎಳೆಯುತ್ತದೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪ್ರಿಂಗು ಕೂರಿಸುವ ಮುಂಚೆ ದಸ್ತಗೀರ್ ಒಂದೇ ಪ್ರಶ್ನೆ ಕೇಳಿದರು.

"ಕೂಡೋರ ವಜನ ಎಷ್ಟೈತ್ರಿ, ಅಣ್ಣಾರ?"

ನಾನು ಎದೆಯುಬ್ಬಿಸಿ ಉತ್ತರಿಸಿದೆ. ಗೊತ್ತಿಲ್ಲದೆ ಇರುತ್ತದೆಯೇ? ಹಿಂದೊಮ್ಮೆ ಹರಕೆ ಹೊತ್ತು ಉಡುಪಿಯಲ್ಲಿ ವಾರಿಜಳಿಗೆ ತುಲಾಭಾರ ಮಾಡಿಸಿದ್ದೆವಲ್ಲ! ತಕ್ಕಡಿಯ ಒಂದು ತಟ್ಟೆಯಲ್ಲಿ ಜರಿಸೀರೆಯುಟ್ಟು ಇವಳು, ಇನ್ನೊಂದರಲ್ಲಿ ಬೆಲ್ಲ. ಅಚ್ಚಿನ ಮೇಲೆ ಅಚ್ಚು ಏರಿಸಿದರೂ ಇವಳ ತಟ್ಟೆ ಮೇಲೇಳಲು ಒಪ್ಪಿರಲಿಲ್ಲ, ನೆಂಟರೆಲ್ಲ ನಕ್ಕಿದ್ದರು. ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬದುಕಿದ ಹೋಟೆಲಿನವನಿಗೆ ಹೆಂಡತಿಯ ಹುಟ್ಟಿದ ದಿನ ಮರೆತೀತು, ತೂಗಿಕೊಟ್ಟ ಬೆಲ್ಲದ ತೂಕ ಮರೆಯುವುದುಂಟೇ? ದೇವರ ತಕ್ಕಡಿಯ ಲೆಕ್ಕವೆಂದ ಮೇಲೆ ದಸ್ತಗೀರ್ ಕೂಡ ಅದಕ್ಕೇ ಸರಿಯಾಗಿ ಸ್ಪ್ರಿಂಗು ಕೂರಿಸಿದರು. ಅಷ್ಟೇ ತೂಕದ ಅಕ್ಕಿಮೂಟೆ ಕೂರಿಸಿ ಅವರ ಗಲ್ಲಿಯಲ್ಲಿ ಸುತ್ತಿದೆವು; ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಮೂಟೆ ಮಹಾರಾಜನಂತೆ ಸ್ವಸ್ಥ ಕೂತಿತ್ತು. ಈ ಅವತಾರವನ್ನು ಕಾಲೊನಿಯ ಗೇಟಿನಾಚೆ ಓಡಿಸಿದರೆ ಪೊಲೀಸರು ಹಿಡಿದಾರೆಂದು ಟೆಂಪೋದಲ್ಲಿ ಹಾಕಿ ಮನೆಗೆ ತಂದೆ.

ಶನಿವಾರ ಸಂಜೆ ವಾರಿಜ ಹೊರಗೆ ಬಂದಳು. ಸೀರೆಯುಟ್ಟು, ಹೂ ಮುಡಿದು, ಕೋಲನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಆ ಕುರ್ಚಿಯಲ್ಲಿ ಕೂತಳು. ನಾನು ಸ್ಪ್ರಿಂಗನ್ನೇ ನೋಡುತ್ತಿದ್ದೆ. ಅಕ್ಕಿಮೂಟೆಗೆ ನಾಲ್ಕು ಬೆರಳು ಕುಗ್ಗಿದ್ದ ಸ್ಪ್ರಿಂಗು ಇವಳಿಗೆ ಎರಡು ಬೆರಳೂ ಕುಗ್ಗಲಿಲ್ಲ. ತುಕ್ಕು ಹಿಡಿಯಿತೇನೋ ಎಂದು ಒದ್ದು ನೋಡಿದೆ, ಸರಿಯಾಗಿಯೇ ಇತ್ತು. ಹೊರಟೆವು. ಬಿಲ್ಡಿಂಗಿನ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದ್ದೇ ತಡ, ಸೈಡ್‌ಕಾರಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು, ವಾರಿಜ ನನ್ನ ಅಂಗಿ ಹಿಡಿದುಕೊಂಡಳು. ಬ್ರೇಕು ಒತ್ತಿ ನಿಂತೆ. ಸ್ಪ್ರಿಂಗಿನದೂ ಗಾಲಿಯದೂ ತಪ್ಪಲ್ಲ ಎಂಬುದು ಆಗ ತಿಳಿಯಿತು. ದಿನವೂ ಇವಳ ಕೈ ಹಿಡಿದು ನಡೆಸುತ್ತಿದ್ದೆ, ತಟ್ಟೆಗೆ ಅನ್ನ ಬಡಿಸುತ್ತಿದ್ದೆ. ಇವಳು ಇಷ್ಟಿಷ್ಟೇ ಕರಗುತ್ತಿದ್ದುದು, ದಿನಾ ನೋಡುವ ಕಣ್ಣಿಗೆ ಕಂಡೇ ಇರಲಿಲ್ಲ. ಒಂದು ಗುಜರಿ ಸ್ಪ್ರಿಂಗು ಅದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿತು.

ತುಲಾಭಾರದ ಲೆಕ್ಕ ಹಿಡಿದೆನೆಂದು ತೊದಲಿದೆ. ವಾರಿಜ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ತಕ್ಕಡಿಯಲ್ಲಿ ಕೂತಿದ್ದ ವಾರಿಜ ಈಗೆಲ್ಲಿದ್ದಾಳೆ ಮಾರಾಯ್ರೆ? ಅವಳಲ್ಲಿ ಅರ್ಧ ಆಸ್ಪತ್ರೆಯಲ್ಲೇ ಉಳಿದಳು."

ಇಳಿ, ಒಳಗೆ ಹೋಗುವ, ಕುರ್ಲಾಕ್ಕೆ ಒಯ್ದು ಮೆತ್ತನೆಯ ಸ್ಪ್ರಿಂಗು ಹಾಕಿಸಿ ಮುಂದಿನ ವಾರ ನೋಡುವ ಎಂದೆ. ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು, ಈಗ ಇಳಿದರೆ ಇವಳು ಮುಂದಿನ ವಾರ ಹೊಸ್ತಿಲು ದಾಟುವವಳಲ್ಲ. ಅವಳಿಗೂ ಅದು ಗೊತ್ತಿದ್ದಿರಬೇಕು. ಕುರ್ಚಿಯ ಕೈಗಳನ್ನು ಗಟ್ಟಿ ಹಿಡಿದು ನಮ್ಮ ಮನೆಯ ಕಡೆ ತಿರುಗಿ ನೋಡಿದಳು.

"ಇಳಿಯುವುದಿಲ್ಲ. ಬಾಗಿಲಿನ ಆ ಗುಂಡು ತಂದು ನನ್ನ ಕಾಲಬುಡದಲ್ಲಿ ಇಡಿ."

ಹೋಗಿ ತಂದೆ. ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಪಾದದ ಪಕ್ಕ ಇಟ್ಟೆ, ಸ್ಪ್ರಿಂಗು ಇನ್ನೊಂದು ಬೆರಳು ಕುಗ್ಗಿತು. ತವರಿನಿಂದ ಜೊತೆಗೆ ಬಂದದ್ದು, ಎಷ್ಟೋ ವರ್ಷ ಇವಳಿಂದ ತಿರುಗಿಸಿಕೊಂಡದ್ದು, ಇವತ್ತು ತಾನೇ ಇವಳನ್ನು ನೆಲಕ್ಕೆ ಹಿಡಿದು ಕೂರಿಸಿತು. ಎಡತಿರುವಿನಲ್ಲಿ ಗಾಲಿ ಮೇಲೇಳಲಿಲ್ಲ. ಏರಿನಲ್ಲಿ ಎಂಜಿನ್ನು ಕೆಮ್ಮಿ ಕೈಬಿಟ್ಟಿತು, ನಾನು ಏದುಸಿರು ಬಿಡುತ್ತ ಪೆಡಲು ತುಳಿದೆ, ಇವಳು ಪಕ್ಕದಲ್ಲಿ ಆರಾಮವಾಗಿ ಕೂತು ಗಂಟಲು ಸರಿಮಾಡಿಕೊಂಡಳು.

ಮೆತ್ತನೆಯ ಸ್ಪ್ರಿಂಗು ತೆಗೆದಿಟ್ಟಿದ್ದೇನೆಂದು ದಸ್ತಗೀರ್ ಫೋನು ಮಾಡುತ್ತಲೇ ಇರುತ್ತಾರೆ. ನಾನು ಹಾಕಿಸಿಲ್ಲ. ಇವಳು ಆ ತುಲಾಭಾರದ ವಾರಿಜಳಾಗುವವರೆಗೆ ಗುಂಡುಕಲ್ಲೇ ಇರಲಿ ಎಂಬ ಆಸೆ. ತಟ್ಟೆಗೆ ಇನ್ನೊಂದು ಸೌಟು ಬಡಿಸುವಾಗೆಲ್ಲ ಸ್ಪ್ರಿಂಗಿನ ನೆನಪಾಗುತ್ತದೆ. ಬಾಗಿಲನ್ನು ಹಿಡಿಯಲು ಶನಿವಾರ ಸಂಜೆ ಏನೂ ಇರುವುದಿಲ್ಲ. ನಾವು ಮೂಲೆ ತಿರುಗುವಷ್ಟರಲ್ಲಿ ಅದು ಧಡಾರನೆ ಬಡಿದುಕೊಳ್ಳುತ್ತದೆ, ಬಿಲ್ಡಿಂಗಿಗೆಲ್ಲ ಕೇಳುತ್ತದೆ. ಮೊದಲಾದರೆ ಎದುರುಮನೆಯವರು ಗೊಣಗುತ್ತಿದ್ದರು. ಈಗ ಆ ಸದ್ದು ಕೇಳಿದರೆ, ವಾರಿಜಕ್ಕ ಹೊರಗೆ ಹೋದರು ಎನ್ನುತ್ತಾರಂತೆ.