ಹೋಸಿಯತ್ ತುಂಬಿಸಿದ ಬಟ್ಟಲು

ಹೋಸಿಯತ್ ಮನೆಗೂ ನಮ್ಮನೆಗೂ ನಡುವೆ ಇರೋದು ಒಂದು ಮಣ್ಣಿನ ಗೋಡೆ. ಆ ಕಡೆ ರೇಷ್ಮೆ ಮಗ್ಗ ಸದ್ದು ಮಾಡ್ತಿದ್ದರೆ ಅವಳ ಮಗ ಸಂಜರ್ ಮಲಗಿದ್ದಾನೆ ಅಂತ. ಮಗ್ಗ ನಿಂತರೆ ನಾನು ಗೋಡೆಗೆ ಕಿವಿಯಿಡ್ತೀನಿ. ಆರು ವರ್ಷದ ಹುಡುಗ, ಮೂತ್ರಪಿಂಡ ಎರಡೂ ಸೋತಿವೆ. ಆಗಾಗ ಆಸ್ಪತ್ರೆಗೆ ಕರ್ಕೊಂಡು ಹೋಗಿ ಯಂತ್ರದಲ್ಲಿ ರಕ್ತ ತೊಳೆಸ್ತಾರೆ. ನಡುವಿನ ದಿನಗಳಲ್ಲಿ ಕುಡಿದ ನೀರು ಹೊರಗೆ ಹೋಗಲ್ಲ. ಮೊದಲು ಕಾಲಿಗೆ ಇಳಿಯುತ್ತೆ, ಆಮೇಲೆ ಎದೆಗೆ ಏರುತ್ತೆ. ಹೋದ ಚಳಿಗಾಲದಲ್ಲಿ ಹಾಗೇ ಏರಿ ಉಸಿರೇ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಹಾಗಾದರೆ ಉಳಿಸೋದು ಕಷ್ಟ ಅಂತ ಡಾಕ್ಟರಮ್ಮ ಮುಖಕ್ಕೇ ಹೇಳಿದ್ದಾಳೆ.

ಹುಡುಗನ ಅಪ್ಪ ಬಖ್ರೊಮ್ ನಮ್ಮೂರು ಮರ್ಗಿಲಾನ್‌ನ ಸಂತೆಯಲ್ಲಿ ಕರಬೂಜ ಮಾರ್ತಾನೆ. ಮಗನಿಗೆ ಅದರ ಒಂದು ಹೋಳೂ ಕೂಡದು. ಸಂಜೆ ಮನೆಗೆ ಹೋಗೋ ಮುಂಚೆ ನಮ್ಮ ಅಂಗಳದ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತಿಕ್ಕಿ, ಅಂಗಿ ಬದಲಾಯಿಸ್ತಾನೆ.

"ಏನಪ್ಪಾ, ಕದ್ದು ಯಾರನ್ನೋ ನೋಡಿ ಬಂದವನ ಹಾಗೆ ಆಡ್ತೀಯಲ್ಲ" ಅಂತ ನಾನು ರೇಗಿಸ್ತೀನಿ.

"ವಾಸನೆ ಬಂದ್ರೆ ಕೇಳ್ತಾನಕ್ಕ" ಅಂತಾನೆ.

ಬೆಳಿಗ್ಗೆ ಅದೇ ಕರಬೂಜದ ತಕ್ಕಡಿ ಮೇಲೆ ಮಗನನ್ನ ಕೂರಿಸ್ತಾರೆ. ಮುಳ್ಳು ನಿಲ್ಲೋವರೆಗೂ ಗಂಡಹೆಂಡಿರಿಬ್ಬರೂ ಉಸಿರು ಬಿಡಲ್ಲ. ಮಗು ತೂಕ ಹೆಚ್ಚಿದರೆ ಬೇರೆ ತಾಯಂದಿರು ಹಿಗ್ತಾರೆ, ಇವಳು ಬಿಳಿಚಿಕೊಳ್ತಾಳೆ.

ನಮ್ಮಲ್ಲಿ ಬೇಕಾದವರು ಬಂದರೆ ಬಟ್ಟಲ ತಳಕ್ಕೆ ಎರಡೇ ಗುಟುಕು ಚಹಾ ಹಾಕೋದು. ಮತ್ತೆ ಮತ್ತೆ ಹಾಕ್ತಾ ಕೂರಿಸಿಕೊಳ್ಳೋಕೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೊರಡಪ್ಪಾ ಅಂತ. ಹೋಸಿಯತ್ ಇದನ್ನೇ ಹಿಡ್ಕೊಂಡಳು. "ನೀನು ನಮ್ಮನೆ ದೊಡ್ಡ ಅತಿಥಿ ಕಣೋ" ಅಂತ ಮಗನಿಗೆ ಎರಡು ಗುಟುಕು ಹಾಕೋಳು. ಅವನು ದೊಡ್ಡ ಮನುಷ್ಯನ ಗತ್ತಿನಲ್ಲಿ ಎದೆ ಮೇಲೆ ಕೈಯಿಟ್ಟು ತಗೊಳ್ಳೋನು. ಮುಂದಿನ ಎರಡು ಗುಟುಕಿಗೆ ಕಥೆ ಹೇಳಿ, ಹಾಡು ಹೇಳಿ ಕಾಯಿಸೋಳು. ಅವಳ ನಾದಿನಿ ಬಂದವಳು, "ಮಗೂಗೆ ನೀರು ಕೊಡೋಕೂ ಜಿಪುಣತನಾನಾ?" ಅಂದಳು. ನನಗೆ ಮೈಯೆಲ್ಲ ಉರಿದುಹೋಯ್ತು. "ಒಂದು ದಿನ ನೀನೇ ನೋಡ್ಕೋ ಬಾಮ್ಮ, ಆಮೇಲೆ ಬಾಯಿ ಬಿಡು" ಅಂದೆ.

ಮೊನ್ನೆ ಬಿಸಿಲು ಬೆಂಕಿ. ಬೆಳಗಿನಿಂದ ಮಗ್ಗದ ಸದ್ದೇ ಇಲ್ಲ. ಗೋಡೆಯಾಚೆ ಹುಡುಗನದ್ದು "ಬಾಯಾರಿಕೆ, ಬಾಯಾರಿಕೆ" ಅಂತ ಒಂದೇ ರಾಗ. ಕೊನೆಗೆ ಅದೂ ನಿಂತಿತು. ನನಗೆ ಭಯವಾಗಿ ಓಡಿದೆ. ಹೋಸಿಯತ್ ಆರಿದ ಚಹಾನ ಬಟ್ಟಲಿಗೆ ಸುರೀತಿದ್ದಳು, ಅಂಚು ಮೀರಿ ಜಮಖಾನೆಗೆ ಚೆಲ್ತಿತ್ತು.

"ಏನೇ ಮಾಡ್ತಿದ್ದೀಯ?" ಅಂದೆ.

"ಸಾಕಾಯ್ತಕ್ಕ. ಒಂದು ಸಲ ಹೊಟ್ಟೆತುಂಬ ಕುಡೀಲಿ. ಇನ್ನು ನನ್ನ ಕೈಲಾಗಲ್ಲ."

ಬಟ್ಟಲು ಆಗಲೇ ಹುಡುಗನ ಎರಡೂ ಕೈಯಲ್ಲಿತ್ತು. ಕಿತ್ತುಕೊಳ್ಳೋ ಧೈರ್ಯ ನನಗೆ ಬರಲಿಲ್ಲ.

ಅವನು ಕುಡೀಲಿಲ್ಲ. ತುಟಿ ಒಡೆದು ರಕ್ತ ಒಣಗಿತ್ತು, ಆದರೂ ಕುಡೀಲಿಲ್ಲ. ತುಂಬಿದ ಬಟ್ಟಲು ನೋಡಿದ, ಅಮ್ಮನ ಮುಖ ನೋಡಿದ.

"ನಾನು ಎಲ್ಲಿಗೆ ಹೋಗ್ಬೇಕಮ್ಮ?" ಅಂದ.

ಹೋಸಿಯತ್ ಬಟ್ಟಲು ತಗೊಂಡು ಅಂಗಳಕ್ಕೆ ಹೋಗಿ ದ್ರಾಕ್ಷಿ ಬಳ್ಳಿ ಬುಡಕ್ಕೆ ಸುರಿದಳು. ತಳದಲ್ಲಿ ಎರಡು ಗುಟುಕು ಉಳಿಸಿಕೊಂಡು ವಾಪಸ್ ಬಂದು, ಎದೆ ಮೇಲೆ ಕೈಯಿಟ್ಟು, ಅವನ ಮುಂದೆ ಹಿಡಿದಳು.

"ಎಲ್ಲಿಗೂ ಇಲ್ಲ. ಇಲ್ಲೇ ಕೂತ್ಕೋ" ಅಂದಳು.

ಅವನು ಕುಡಿದ. ಖಾಲಿ ಬಟ್ಟಲನ್ನ ಮತ್ತೆ ಅವಳ ಕಡೆ ಚಾಚಿದ.