ಸೋಮವಾರ ನೊಗಕ್ಕೆ ಹೆಗಲು ಕೊಟ್ಟವನು

ಚಿಕ್ಕೇರೂರಿನ ಉಳವಪ್ಪನಿಗೆ ಮಿಲಿಟರಿಯವರು ಪದಕ ಕೊಟ್ಟದ್ದು ನಿಜ. ಆದರೆ ಆತ ಜಪಾನಿಗಳನ್ನು ಬೆನ್ನಟ್ಟಿ ಹೊಡೆದ, ಟ್ಯಾಂಕಿನ ಮೇಲೆ ಹತ್ತಿ ನಿಂತ ಎಂದೆಲ್ಲ ಕಟ್ಟೆಯ ಮೇಲೆ ಕೂತು ಕಥೆ ಹೇಳುವವರಿದ್ದಾರಲ್ಲ, ಅವರ ಬಾಯಿಗೆ ಮೊದಲು ಬೀಗ ಹಾಕಬೇಕು. ಉಳವಪ್ಪ ಬಂದೂಕು ಹಿಡಿದದ್ದು ಒಂದೇ ಸಲ. ಅದೂ ಕಾವಲಿನ ಸಿಪಾಯಿಯೊಬ್ಬ ಪೊದೆಯ ಹಿಂದೆ ಹೋಗುವಾಗ ಕೈಗೆ ಕೊಟ್ಟು ಹೋಗಿದ್ದ. ಯುದ್ಧ ನಡೆದ ಜಾಗಕ್ಕೂ ಉಳವಪ್ಪನಿಗೂ ನಡುವೆ ಒಂದು ಸಮುದ್ರವೇ ಇತ್ತು. ಆತ ಮಿಲಿಟರಿ ಸೇರಿದ್ದಕ್ಕೆ ಕಾರಣ ಒಂದೇ: ಆತನ ಎತ್ತುಗಳು ಮೊದಲೇ ಸೇರಿಬಿಟ್ಟಿದ್ದವು.

ಸಾವಿರದ ಒಂಬೈನೂರ ನಲವತ್ತೆರಡರ ಮಾತು. ಮಿಲಿಟರಿಗೆ ಎತ್ತು ಕೊಳ್ಳುವ ಅಧಿಕಾರಿಯೊಬ್ಬ ನಮ್ಮ ಕಡೆ ಬಂದಿದ್ದ. ಅವತ್ತು ಉಳವಪ್ಪ ಮಾಸೂರಿನ ಅಕ್ಕನ ಮನೆಗೆ ಹೋಗಿದ್ದ. ಮನೆಯಲ್ಲಿದ್ದವನು ಅಣ್ಣ ಕರಬಸಪ್ಪ. ಅಧಿಕಾರಿ ಆತನನ್ನು "ಗೌಡ್ರ" ಎಂದು ಕರೆದು ಒಂದು ಸಿಗರೇಟು ಕೊಟ್ಟ. ಜನ್ಮದಲ್ಲಿ ಯಾರೂ ಗೌಡ ಎನ್ನದ ಮನುಷ್ಯ, ಉಬ್ಬಿ ಹೋದ. ಸಿಗರೇಟು ಮುಗಿಯುವಷ್ಟರಲ್ಲಿ ಉಳವಪ್ಪ ಕರುಗಳಿದ್ದಾಗಿನಿಂದ ಸಾಕಿದ ಕೆಂದ ಮತ್ತು ಹಂಡ ಎಂಬ ಜೋಡಿ ಸರ್ಕಾರದ ಎತ್ತುಗಳಾದವು. ಕರಬಸಪ್ಪನ ಈ ಗೌಡಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ಬಂದ ಉಳವಪ್ಪ ಎತ್ತು ಮೇಯುವ ಗ್ವಾದಲಿ ಖಾಲಿ ಇದ್ದದ್ದು ನೋಡಿದ. ನಡೆದದ್ದನ್ನು ಅಣ್ಣನಿಂದ ಕೇಳಿ ತಿಳಿದ. ಹೆಂಡತಿ ನಾಗವ್ವನನ್ನು ಕರೆದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಎರಡು ರೊಟ್ಟಿ ಕಟ್ಟು. ಎತ್ತು ಹೊಡಕೊಂಡು ಬರ್ತೇನಿ."

"ಯಾವಾಗ ಬರ್ತೀರಿ?"

"ನಾಳಿ ಸಂಜೀಕ."

ಹಾವೇರಿ ಸ್ಟೇಷನ್ನಿನಲ್ಲಿ ಎತ್ತುಗಳನ್ನು ಆಗಲೇ ಗೂಡ್ಸ್ ಗಾಡಿಗೆ ಹತ್ತಿಸುತ್ತಿದ್ದರು. ಕೆಂದ ಇವನ ದನಿ ಕೇಳಿ ಅಂಬಾ ಎಂದಿತು. ಉಳವಪ್ಪ ಕೈ ಮುಗಿದ, ಬೇಡಿಕೊಂಡ, ಹಗ್ಗ ಹಿಡಿದು ನೆಲದ ಮೇಲೆ ಕೂತ. ಮಿಲಿಟರಿಯವರನ್ನು ಬಿಟ್ಟು ಇನ್ನಾರೂ ಈ ಗಾಡಿ ಹತ್ತುವಂತಿಲ್ಲ ಎಂದರು.

"ಹಂಗಾರ ನನ್ನ ಹೆಸರೂ ಬರಕೋರ್ರಿ" ಎಂದ. ಬರೆದುಕೊಂಡರು. ಹೆಬ್ಬೆಟ್ಟು ಒತ್ತಿ, ಎರಡು ಎತ್ತುಗಳ ನಡುವೆ ಕೂತು ರೊಟ್ಟಿ ಬಿಚ್ಚಿದ.

ಪುಣೆಯಿಂದಾಚೆ ಒಂದು ಬಯಲಿನಲ್ಲಿ ಮಿಲಿಟರಿಯ ಡಿಪೋ ಇತ್ತು. ಮದ್ದಿನ ಪೆಟ್ಟಿಗೆ, ಹುಲ್ಲು, ಹಿಟ್ಟು ಎಲ್ಲವನ್ನೂ ಅತ್ತಿಂದಿತ್ತ ಸಾಗಿಸುವ ಗಾಡಿಗೆ ಉಳವಪ್ಪನನ್ನೂ ಅವನ ಜೋಡಿಯನ್ನೂ ಹಾಕಿದರು. ಐದು ದಿನ ಎಲ್ಲ ಸುಸೂತ್ರ ನಡೆಯಿತು. ಆರನೆಯ ದಿನ ಸೋಮವಾರ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹವಾಲ್ದಾರ ಬಂದು ನೋಡಿದರೆ ಕೆಂದ, ಹಂಡ ಮೈ ತೊಳೆಸಿಕೊಂಡು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ಹವಾಲ್ದಾರನ ಭಾಷೆ ಇವನಿಗೆ ತಿಳಿಯದು, ಇವನದು ಅವನಿಗೆ. ಸವಣೂರಿನ ಹಸನಸಾಬ ಅದೇ ಡಿಪೋದಲ್ಲಿ ಅಡುಗೆಯವನಾಗಿದ್ದ. ಹಿಂದೆ ಧಾರವಾಡದ ಯಾವನೋ ದೊರೆಯ ಮನೆಯಲ್ಲಿ ದುಡಿದು ಇಂಗ್ಲಿಷನ್ನೂ ಕಲಿತಿದ್ದ. ಆತನೇ ನಡುವೆ ನಿಂತ.

"ಲೇ ಉಳವಪ್ಪಾ, ಯುದ್ಧಕ್ಕ ಸೋಮವಾರ ಇರೂದಿಲ್ಲಂತ."

"ಯುದ್ಧಕ್ಕ ಇಲ್ಲದಿದ್ರ ಬ್ಯಾಡ. ಎತ್ತಿಗೆ ಐತಿ."

ಉಳವಪ್ಪನನ್ನು ಬಿಸಿಲಿನಲ್ಲಿ ಓಡಿಸಿದರು. ಎರಡು ದಿನ ಕತ್ತಲ ಕೋಣೆಯಲ್ಲಿ ಹಾಕಿದರು. ಮುಂದಿನ ಸೋಮವಾರವೂ ಆತ ಹೂಡಲಿಲ್ಲ. ಹವಾಲ್ದಾರನಿಗೆ ತಲೆ ಕೆಟ್ಟು, "ಹಾಗಾದರೆ ನೀನೇ ಎಳಿ!" ಎಂದು ಚೀರಿದ. ಹಸನಸಾಬ ಅದನ್ನು ಕನ್ನಡದಲ್ಲಿ ಹೇಳಿದಾಗ ಉಳವಪ್ಪನಿಗೆ ಇದು ನ್ಯಾಯವಾದ ಮಾತು ಎನಿಸಿತು. ನೊಗಕ್ಕೆ ಹೆಗಲು ಕೊಟ್ಟು ಎಳೆದೇಬಿಟ್ಟ. ಅಂದಿನಿಂದ ಪ್ರತಿ ಸೋಮವಾರ ಆತನೇ ಎತ್ತು. ಅರ್ಧರ್ಧ ಹೇರು ಹಾಕಿಕೊಂಡು ಎರಡು ಸಲ ಎಳೆಯುತ್ತಿದ್ದ. ಹವಾಲ್ದಾರ ಪುಸ್ತಕದಲ್ಲಿ "ಎತ್ತುಗಳು ಕೆಲಸ ಮಾಡಿದವು" ಎಂದೇ ಬರೆಯುತ್ತಿದ್ದ. ಮನುಷ್ಯನನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

ಹೀಗೇ ಎರಡು ವರ್ಷ ಹೋದವು. ಎತ್ತು ಬಿಟ್ಟುಕೊಡಿ ಎಂದು ಉಳವಪ್ಪ ಕೇಳದ ಸಾಹೇಬನಿಲ್ಲ. ಅವು ಸರ್ಕಾರದವು, ಯುದ್ಧ ಮುಗಿದ ಮೇಲೆ ಲಿಲಾವು ಮಾಡಿ ಹೆಚ್ಚು ಕೂಗಿದವರಿಗೆ ಕೊಡುತ್ತೇವೆ ಎಂದರು. ಲಿಲಾವಿಗೆ ಎಂಥವರು ಬಂದು ಕೂಗುತ್ತಾರೆ, ಕೊಂಡ ಎತ್ತನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನು ಹಸನಸಾಬ ತಿಳಿಸಿ ಹೇಳಿದ. ಅವತ್ತು ಉಳವಪ್ಪ ಊಟ ಮಾಡಲಿಲ್ಲ.

ನಲವತ್ನಾಲ್ಕರ ಬೇಸಿಗೆಯಲ್ಲಿ, ಒಂದು ಸೋಮವಾರ ನಡುಮಧ್ಯಾಹ್ನ, ಡಿಪೋದ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬಣವೆಯ ಪಕ್ಕದಲ್ಲೇ ಉಳವಪ್ಪನ ಗಾಡಿ, ಗಾಡಿಯಲ್ಲಿ ಆರು ಮದ್ದಿನ ಪೆಟ್ಟಿಗೆ. ಗಾಡಿಯ ಬೆನ್ನಿಗೆ ದವಾಖಾನೆಯ ತಗಡಿನ ಚಪ್ಪರ, ಅದರೊಳಗೆ ನಲವತ್ತು ಮಂದಿ ಏಳಲಾರದ ಸಿಪಾಯಿಗಳು. ಪೆಟ್ಟಿಗೆಯ ಮೇಲೆ ಹೊದಿಸಿದ ತಾಡಪತ್ರಿ ಹೊತ್ತಿಕೊಂಡಿತು. ಬಂದೂಕಿನವರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಹವಾಲ್ದಾರ ಓಡುತ್ತಲೇ ಎತ್ತು ಹೂಡೆಂದು ಕೂಗಿದ.

"ಇವತ್ತು ಸ್ವಾಮಾರ ಐತ್ರೀ!" ಎಂದು ಉಳವಪ್ಪ ತಿರುಗಿ ಕೂಗಿದ. ಕೂಗಿ, ನೊಗಕ್ಕೆ ತಾನೇ ಹೆಗಲು ಕೊಟ್ಟ. ಇಳಿಜಾರಿನ ದಾರಿ, ಎರಡು ವರ್ಷ ಹದಗೊಂಡ ಹೆಗಲು. ಬೆನ್ನ ಹಿಂದೆ ಉರಿಯುವ ಗಾಡಿ ಇಟ್ಟುಕೊಂಡು ಇನ್ನೂರು ಮಾರು ಓಡಿ, ಗಾಡಿ ಸಮೇತ ಕೆರೆಗೆ ಬಿದ್ದ. ಮದ್ದು ತೊಯ್ದು ಮುದ್ದೆಯಾಯಿತು. ಉಳವಪ್ಪ ಮೇಲೆದ್ದಾಗ ಬೆನ್ನು ಬೆಂದಿತ್ತು, ಎಡಗಡೆಯ ಮೀಸೆ ಇರಲಿಲ್ಲ.

ದೊಡ್ಡ ಸಾಹೇಬ ಓಡಿ ಬಂದು, ಎತ್ತು ಇದ್ದೂ ಯಾಕೆ ಹೂಡಲಿಲ್ಲ ಎಂದು ಕೇಳಿದ. ಉಳವಪ್ಪ ಸೋಮವಾರ ಎಂದ. ಹಸನಸಾಬ ಒಂದು ಗಳಿಗೆ ಯೋಚಿಸಿ, "ಸರ್ಕಾರದ ಎತ್ತುಗಳ ಜೀವಕ್ಕಿಂತ ನನ್ನ ಜೀವ ದೊಡ್ಡದಲ್ಲ ಎನ್ನುತ್ತಾನೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬನ ಕಣ್ಣು ತೇವಗೊಂಡವು. ಹತ್ತು ತಿಂಗಳಾದ ಮೇಲೆ ಪದಕ ಬಂತು, ಅದನ್ನು ಚುಚ್ಚಲು ಒಬ್ಬ ಜನರಲ್ ಸಾಹೇಬನೂ ಬಂದ.

ಆ ಬೆಳಿಗ್ಗೆ ಹಸನಸಾಬ ತಾನು ಹೇಳಿದ್ದ ಮಾತನ್ನು ಹೆಮ್ಮೆಯಿಂದ ಬಾಯಿಬಿಟ್ಟ. ಉಳವಪ್ಪನ ಮುಖ ಬಿಳಿಚಿತು.

"ಅದು ಖೊಟ್ಟಿ ಮಾತು ಆತಲ್ಲೋ ಹಸನಸಾಬಣ್ಣ."

"ಸುಮ್ಕಿರು ಮಾರಾಯಾ! ನಿಜ ಹೇಳಿದ್ರ ಪದಕಾನೂ ಹೋಗತೈತಿ, ಎತ್ತಿನ ಮುಖಾನೂ ನೋಡಾಕ ಬಿಡೂದಿಲ್ಲ."

ಎತ್ತಿನ ಮಾತು ಬಂದಾಗ ಉಳವಪ್ಪನಿಗೆ ಹೆದರಿಕೆಯಾಯಿತು. ಉರಿಯುವ ಗಾಡಿ ಎಳೆಯುವಾಗಲೂ ಇಷ್ಟು ಹೆದರಿರಲಿಲ್ಲವಂತೆ. ಆದರೂ ಜನರಲ್ ಸಾಹೇಬ ಎದೆಗೆ ಪದಕ ಚುಚ್ಚಿ ಕೈ ಕುಲುಕಿದಾಗ, ಆ ಕೈ ಬಿಡದೆ ಎಲ್ಲವನ್ನೂ ಹೇಳಿಬಿಟ್ಟ. ಹಸನಸಾಬ ಬೆವರು ಒರೆಸುತ್ತ ಈ ಸಲ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದ.

ಜನರಲ್ ಸಾಹೇಬ, ವಾರ ಯಾವುದಾದರೇನು, ಗಾಡಿ ಎಳೆದವನು ಇವನೇ ಅಲ್ಲವೇ, ಪದಕ ಇರಲಿ ಎಂದ. ಹವಾಲ್ದಾರನ ಪುಸ್ತಕ ತರಿಸಿದ. ಎತ್ತುಗಳು ದುಡಿದವೆಂದು ಸುಳ್ಳೇ ಬರೆದಿದ್ದ ಎರಡೂವರೆ ವರ್ಷದ ಸೋಮವಾರಗಳನ್ನು ಬೆರಳಿಟ್ಟು ಎಣಿಸಿದ. ವಾರದ ಏಳೂ ದಿನ ದುಡಿಯದ ಜಾನುವಾರು ಮಿಲಿಟರಿಗೆ ನಾಲಾಯಕ್ಕು ಎಂದು ಕಾಯಿದೆಯಲ್ಲಿತ್ತು. ಕೆಂದ, ಹಂಡ ಎರಡನ್ನೂ ಆ ನಿಮಿಷವೇ ನೌಕರಿಯಿಂದ ವಜಾ ಮಾಡಿ, ಅವುಗಳನ್ನು ಕೆಡಿಸಿದವನನ್ನೂ ಅವುಗಳ ಜೊತೆಗೇ ಮನೆಗೆ ಅಟ್ಟಿರಿ ಎಂದು ಹುಕುಂ ಮಾಡಿದ. ಉಳವಪ್ಪ ಅಲ್ಲೇ ನಿಂತು ಗಳಗಳ ಅತ್ತ. ಪದಕಕ್ಕೆ ಅಳುತ್ತಾನೆಂದು ತಿಳಿದು ಎಲ್ಲರೂ ಚಪ್ಪಾಳೆ ಹೊಡೆದರು.

ಪುಣೆಯಾಚೆಯಿಂದ ಚಿಕ್ಕೇರೂರಿನವರೆಗೆ ನಡೆದೇ ಬಂದ, ಎತ್ತಿಗೆ ದಣಿವಾದಲ್ಲೆಲ್ಲ ನಿಂತು. ತಿಂಗಳ ಮೇಲಾಯಿತು. ಊರ ಮಂದಿ ಪದಕ ನೋಡಲು ಮುಗಿಬಿದ್ದರು. ಕರಬಸಪ್ಪ ತಾನೇ ಕಳಿಸಿಕೊಟ್ಟವನಂತೆ ಎದೆಯುಬ್ಬಿಸಿ ನಿಂತಿದ್ದ. ನಾಗವ್ವ ಬಾಗಿಲಿನಿಂದ ಕದಲಲಿಲ್ಲ. ಗದ್ದಲ ಕರಗಿ ಇಬ್ಬರೇ ಉಳಿದ ಮೇಲೆ ಕೇಳಿದಳು.

"ಎತ್ತು ಬಿಟ್ಟು ಒಂದು ದಿನ ಇರಾಕ ಆಗಲಿಲ್ಲ ನಿಮಗ. ನನ್ನ ಬಿಟ್ಟು ಮೂರು ವರ್ಷ ಹೆಂಗ ಇದ್ರಿ?"

ಉಳವಪ್ಪ ತಲೆ ಕೆಳಗೆ ಹಾಕಿದ. ಸುಳ್ಳು ಅವನಿಗೆ ಮೊದಲೇ ಬಾರದು.

"ನಿನ್ನ ಯಾರೂ ಮಾರಿದ್ದಿಲ್ಲಲ್ಲ" ಎಂದ.

"ಮಾರಿದ್ರ?"

"ಮಾರಿದ್ರ ಬೆನ್ನ ಹತ್ತಿ ಬರತಿದ್ನಿ. ಮೂವತ್ತು ವರ್ಷ ಹಿಡಿದ್ರೂ ಹೊಳ್ಳಿ ಕರಕೊಂಡ ಬರತಿದ್ನಿ."

ನಾಗವ್ವನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಹಂಗಾರ ನನ್ನನ್ನ ಮೊದಲ ಮಾರಿಸಿಕೋಬೇಕಿತ್ತು" ಎಂದು ಆತನ ಸುಟ್ಟ ಬೆನ್ನಿಗೆ ಒಂದು ಗುದ್ದಿದಳು. ಗುದ್ದಿದ ಕೈಯನ್ನು ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ.