ತಕ್ಕಡಿ ಸಾಹೇಬರೂ ಮಗಳ ಹೆಬ್ಬಾವೂ

ಊರೆಲ್ಲ ತಕ್ಕಡಿ ಸಾಹೇಬರು ಅಂತ ಕರೆಯುತ್ತಿದ್ದ ಈ ಮನುಷ್ಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತಿ ಬರುವುದು, ಇಷ್ಟೇ ಕೆಲಸ. ಒಮ್ಮೆ ಮುದ್ರೆ ಬಿತ್ತೋ, ಒತ್ತಿದವರನ್ನು ಬಿಟ್ಟು ಅದನ್ನು ಕೀಳುವ ಹಕ್ಕು ಯಾರಿಗೂ ಇಲ್ಲ. ವ್ಯಾಪಾರಿಗಳ ಮನೆಯ ಒಂದು ಲೋಟ ನೀರನ್ನೂ ಅವರು ಕುಡಿದವರಲ್ಲ. ಅಪರಂಜಿಯಂಥ ಮನುಷ್ಯ ಅಂತ ಎಲ್ಲರೂ ಹೊಗಳುತ್ತಿದ್ದರು, ಅವರ ಜೊತೆ ಒಂದೇ ಸೂರಿನಡಿ ಇರಬೇಕಾದ ಇಬ್ಬರನ್ನು ಬಿಟ್ಟು.

ಒಬ್ಬಳು ಹೆಂಡತಿ. ಆಕೆ ಒಲೆ ಹಚ್ಚಿದರೆ ಉರಿ ಜಾಸ್ತಿ, ಸಣ್ಣ ಮಾಡಿದರೆ ಕಮ್ಮಿ ಅನ್ನುತ್ತಿದ್ದರು ಸಾಹೇಬರು. ಇನ್ನೊಬ್ಬಳು ಮಗಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಅವಳು ಹದಿನೈದು ತುಂಬುವವರೆಗೆ ಪ್ರತಿ ತಿಂಗಳ ಒಂದನೇ ತಾರೀಕು ಅಪ್ಪನ ತಕ್ಕಡಿ ಹತ್ತಿ ನಿಲ್ಲಬೇಕಿತ್ತು. ಈಗ ಇಪ್ಪತ್ತಮೂರು. ಈಗಲೂ ಅವಳು ಚಪ್ಪಲಿ ಬಿಡುವ ರೀತಿ, ಬಾಗಿಲು ಹಾಕುವ ಸದ್ದು, ಬಚ್ಚಲಲ್ಲಿ ಕಳೆಯುವ ಹೊತ್ತು, ಎಲ್ಲಕ್ಕೂ ಸಾಹೇಬರ ಷರಾ ಇದ್ದೇ ಇತ್ತು. ಪ್ರೀತಿ ಇರಲಿಲ್ಲವೇ? ಇತ್ತು ಮಾರಾಯರೇ, ಬೆಟ್ಟದಷ್ಟಿತ್ತು. ಅದು ಬಾಯಿಗೆ ಬರುವಾಗ ಮಾತ್ರ ತಪಾಸಣೆಯಾಗಿ ಬರುತ್ತಿತ್ತು.

ಇಂಥ ಮನೆಗೆ ಮಗಳು ಒಂದು ಹಾವು ತರುತ್ತೇನೆ ಅಂದಳು. ಸಾಮಾನ್ಯ ಹಾವಲ್ಲ, ಮರದ ಮೇಲೆ ಬದುಕುವ ಹಸಿರು ಹೆಬ್ಬಾವು. ಮರಿಯಿದ್ದಾಗ ನಿಂಬೆಹಣ್ಣಿನ ಬಣ್ಣ, ಬೆಳೆಯುತ್ತಾ ಹಸಿರಾಗುತ್ತದೆ. ಹಗಲೆಲ್ಲ ಕೊಂಬೆಯ ಮೇಲೆ ಸಿಂಬಿ ಸುತ್ತಿಕೊಂಡು, ನಡುವೆ ತಲೆಯಿಟ್ಟು ಕೂತಿರುತ್ತದೆ. ಮಾತಿಲ್ಲ, ಕತೆಯಿಲ್ಲ, ಯಾರ ತಂಟೆಗೂ ಬರುವುದಿಲ್ಲ. ಆ ಮನೆಯಲ್ಲಿ ಬೆಳೆದ ಹುಡುಗಿಗೆ ನಾಯಿ ಬೆಕ್ಕು ಬಿಟ್ಟು ಇದೇ ಯಾಕೆ ಇಷ್ಟವಾಯಿತು ಅಂತ ಕೇಳುವವರು ದಡ್ಡರು.

ಸಾಹೇಬರು ಬೇಡ ಅನ್ನಲಿಲ್ಲ. ಆರಿಸುವುದಕ್ಕೆ ತಾವೂ ಬರುತ್ತೇನೆ ಅಂದರು, ಅದೇ ಎಡವಟ್ಟಾಯಿತು. ಹಾವು ಮಾರುವಾಕೆಯನ್ನು ಎಲ್ಲರೂ ಹಾವಿನಕ್ಕ ಅನ್ನುತ್ತಿದ್ದರು. ಕಾಡಿನಿಂದ ಹಿಡಿದು ತಂದದ್ದಲ್ಲ, ಎಲ್ಲವೂ ತನ್ನ ಮನೆಯಲ್ಲೇ ಮೊಟ್ಟೆಯೊಡೆದು ಬಂದವು ಅಂತ ಆಕೆ ತಾಯಿ ಹಾವನ್ನೇ ತೋರಿಸಿದಳು. ಬೆನ್ನಲ್ಲಿ ಗಂಟಿರಬಾರದು, ಬಾಯಲ್ಲಿ ಲೋಳೆಯಿರಬಾರದು, ಕೊಂಬೆಯನ್ನು ಬಿಗಿಯಾಗಿ ಹಿಡಿದಿರಬೇಕು, ನಾಲ್ಕಾರು ಸಲವಾದರೂ ತಾನಾಗಿ ಇಲಿ ತಿಂದಿರಬೇಕು ಅಂತ ವಿವರಿಸಿದಳು. ಮಗಳು ಮೂಲೆಯಲ್ಲಿ ತೆಪ್ಪಗಿದ್ದ ಒಂದು ಮರಿಯನ್ನು ಮೆಚ್ಚಿದಳು. ಅಷ್ಟರಲ್ಲಿ ಸಾಹೇಬರು ಚೀಲದಿಂದ ಸಣ್ಣ ತಕ್ಕಡಿ ತೆಗೆದರು. ಇದ್ದ ಆರು ಮರಿಗಳನ್ನೂ ತೂಗಿಸಿ, ಅವಳು ಮೆಚ್ಚಿದ್ದಕ್ಕಿಂತ ನಾಲ್ಕು ಗ್ರಾಂ ಹೆಚ್ಚು ತೂಗಿದ್ದನ್ನು ಮಗಳ ಕೈಗೆ ಕೊಡಿಸಿದರು. ಅವಳು ತುಟಿ ಪಿಟಕ್ಕೆನ್ನದೆ ಅದನ್ನೇ ತಂದಳು. ಅಭ್ಯಾಸವಾಗಿತ್ತು.

ಬಾಗಿಲಿಗೆ ಗಾಜು, ಮೇಲೆ ಜಾಲರಿ, ಒಳಗೆ ಅಡ್ಡ ಕೊಂಬೆ, ಒಂದು ಬದಿಗೆ ಬೆಚ್ಚಗಿಡುವ ದೀಪ. ಗೂಡನ್ನು ಮಗಳು ತನ್ನ ಕೋಣೆಯಲ್ಲಿ ಚಂದವಾಗಿ ಹೊಂದಿಸಿದಳು. ಹಾವಿನ ಊಟಕ್ಕೆ ಅಂತ ಹೆಪ್ಪುಗಟ್ಟಿಸಿದ ಇಲಿಗಳ ಡಬ್ಬಿ ಫ್ರಿಜ್ಜಿನ ಮೇಲಿನ ಖಾನೆಗೆ ಹೋಯಿತು. ಅವಳ ಅಮ್ಮ ಮೂರು ದಿನ ಫ್ರಿಜ್ಜಿನ ಕಡೆ ತಲೆ ಹಾಕಲಿಲ್ಲ, ನಾಲ್ಕನೇ ದಿನ ಅದರ ಪಕ್ಕದಲ್ಲೇ ಬೆಣ್ಣೆ ಇಟ್ಟಳು.

ಸಾಹೇಬರು ಮಾತ್ರ ಮೊದಲ ದಿನದಿಂದಲೇ ಬೆಳಿಗ್ಗೆ ಆರಕ್ಕೆ ತಕ್ಕಡಿ ಹಿಡಿದು ಹಾಜರು. ತೂಗಲೇಬೇಕಿದ್ದರೆ ಕೊಂಬೆ ಸಮೇತ ಎತ್ತಿ ತೂಗಿ, ಆಮೇಲೆ ಕೊಂಬೆಯ ತೂಕ ಕಳೆಯಿರಿ, ಹಾವನ್ನು ಕೊಂಬೆಯಿಂದ ಬಿಡಿಸಬೇಡಿ ಅಂತ ಹಾವಿನಕ್ಕ ಹೇಳಿ ಕಳಿಸಿದ್ದಳು. ಸಾಹೇಬರಿಗೆ ಅದು ಒಪ್ಪಿಗೆಯಾಗಲಿಲ್ಲ. ದಿನಾ ನೀರು ಚಿಮುಕಿಸುವ ಕೊಂಬೆ, ಒದ್ದೆಯಾದಾಗ ಒಂದು ತೂಕ, ಒಣಗಿದಾಗ ಒಂದು ತೂಕ. ಅದನ್ನು ಕಳೆಯುವುದು ಅಂದರೆ ಶುದ್ಧ ಮೋಸ ಅಂತ ಅವರ ವಾದ. ಗೋಣಿಚೀಲ ಒದ್ದೆ ಮಾಡಿ ತೂಕ ಹೆಚ್ಚಿಸುವ ವ್ಯಾಪಾರಿಗಳ ಮೇಲೆ ಇಪ್ಪತ್ತನಾಲ್ಕು ವರ್ಷ ಕೇಸು ಹಾಕಿದ ಮನುಷ್ಯನಲ್ಲವೇ! ಹಾಗಾಗಿ ದಿನಾ ಬೆಳಿಗ್ಗೆ ಆ ಮರಿಯನ್ನು ಕೊಂಬೆಯಿಂದ ಸುತ್ತು ಸುತ್ತಾಗಿ ಬಿಡಿಸಿ, ಬಟ್ಟಲಲ್ಲಿಟ್ಟು, ಗ್ರಾಂ ಬರೆದುಕೊಂಡು, ಮತ್ತೆ ಕೊಂಬೆಗೆ ಸುತ್ತುವುದು.

ಹಾವು ಊಟ ಬಿಟ್ಟಿತು. ಇಲಿಯನ್ನು ಉದ್ದದ ಚಿಮಟದಲ್ಲಿ ಹಿಡಿದು ಎಷ್ಟು ಆಡಿಸಿದರೂ ಮುಖ ತಿರುಗಿಸಿತು. ಎಪ್ಪತ್ತೊಂದು ಗ್ರಾಂ ಇದ್ದದ್ದು ಅರವತ್ತೆಂಟಾಯಿತು, ಅರವತ್ತೈದಾಯಿತು. ಇಳಿದಷ್ಟೂ ಸಾಹೇಬರಿಗೆ ಗಾಬರಿ, ಗಾಬರಿಯಾದಷ್ಟೂ ತೂಕ. ಎರಡನೇ ವಾರ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ತೂಗತೊಡಗಿದರು. ಹಾವು ಹೆಬ್ಬೆರಳಿಗೆ ಕಚ್ಚಿತು. ಅವರು ಬ್ಯಾಂಡೇಜು ಕಟ್ಟಿಕೊಂಡು ತೂಗಿದರು.

ತಿಂಗಳು ತುಂಬಿದ ದಿನ ಮಗಳು ಕೆಲಸದಿಂದ ಬಂದವಳೇ ಹಾವನ್ನು ನೋಡಿದಳು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಅವಳು ಕೂಗಾಡಲಿಲ್ಲ.

"ಇದು ಸತ್ರೆ ನಾನು ಈ ಮನೇಲಿರಲ್ಲಪ್ಪ. ಅಂಗಡಿ ಹತ್ರ ರೂಮ್ ನೋಡಿದೀನಿ," ಅಂದಳು.

ಮಾರನೇ ದಿನ ಸಾಹೇಬರು ತಾವೇ ಹೋಗಿ ಹಾವಿನಕ್ಕನನ್ನು ಕರೆತಂದರು. ಆಕೆ ಹಾವಿನ ಬಾಯಿ ನೋಡಿದಳು, ಉಸಿರಾಟ ನೋಡಿದಳು, ದೀಪದ ಬಿಸಿ ನೋಡಿದಳು. ಎಲ್ಲ ಸರಿಯಿತ್ತು. ಆಮೇಲೆ ಸಾಹೇಬರು ದಿನದಿನದ ತೂಕ ಬರೆದಿಟ್ಟ ಪುಸ್ತಕ ನೋಡಿದಳು.

"ಸಾರ್, ಹಾವಿಗೆ ಏನೂ ಆಗಿಲ್ಲ. ಇದನ್ನ ಮುಟ್ಟಬೇಡಿ. ನೀರು, ಇಲಿ ಮಗಳು ನೋಡ್ಕೊಳ್ಳಲಿ. ನೀವು ಮೂರು ವಾರ ಏನೂ ಮಾಡಬೇಡಿ," ಅಂದಳು.

ಏನೂ ಮಾಡಬೇಡಿ! ಈಜು ಬಾರದವನಿಗೆ ನದಿ ದಾಟು ಅಂದರೂ ಒಂದು ಕೈ ನೋಡಿಯಾನು, ಸಾಹೇಬರಿಗೆ ಕೈ ಕಟ್ಟಿ ಕೂರು ಅಂದರೆ ಹೇಗೆ? ಆದರೂ ಪ್ರಯತ್ನಪಟ್ಟರು. ಏನೂ ಮಾಡದಿರುವುದಕ್ಕೆ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಎರಡೇ ದಿನಕ್ಕೆ, ಬೆಳಿಗ್ಗೆ ಆರಕ್ಕೆ, ಗೂಡಿನೊಳಗೆ ಮೊಣಕೈವರೆಗೂ ಕೈಯಿಟ್ಟು ಹೆಂಡತಿಗೆ ಸಿಕ್ಕಿಬಿದ್ದರು. ಸುಮ್ಮನೆ ನೋಡುತ್ತಿದ್ದೆ ಅಂದರು. ಕೈಯಲ್ಲಿ ಯಾರಾದರೂ ನೋಡುತ್ತಾರೇನ್ರೀ ಅಂತ ಆಕೆ ಕೇಳಿದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ.

ಅವತ್ತು ಕಚೇರಿಯಲ್ಲಿ ಅವರಿಗೆ ಕೆಲಸ ಸಾಗಲಿಲ್ಲ. ತಮ್ಮ ಕೈಯನ್ನೇ ನೋಡುತ್ತಾ ಕೂತರು. ನಾಚಿಕೆಯಾಯಿತು, ಭಯವೂ ಆಯಿತು. ಈ ಕೈ ಯಾರ ಮಾತೂ ಕೇಳುವುದಿಲ್ಲ, ಕೇಳುವುದು ಮುದ್ರೆಯ ಮಾತನ್ನು ಮಾತ್ರ ಅಂತ ಅವರಿಗೆ ಗೊತ್ತಿತ್ತು. ಮುದ್ರೆ ಒತ್ತುವ ಹಳೆಯ ಇಕ್ಕಳವೊಂದು ಮೂಲೆಗೆ ಬಿದ್ದಿತ್ತು. ಸ್ವಂತ ಬಳಕೆಗೆ ಅಂತ ಅರ್ಜಿ ಬರೆದು, ಮೇಲಧಿಕಾರಿಯ ರುಜು ಹಾಕಿಸಿ, ತಂತಿ ಮತ್ತು ಸೀಸದ ಗುಂಡುಗಳ ಜೊತೆ ಮನೆಗೆ ತಂದರು. ಅಲ್ಲಿಯವರೆಗೆ ಕಚೇರಿಯ ಒಂದು ಗುಂಡುಸೂಜಿಯೂ ಆ ಮನೆಯ ಹೊಸಿಲು ದಾಟಿರಲಿಲ್ಲ.

ಮಗಳ ಮುಂದೆ ಇಕ್ಕಳ ಹಿಡಿದು, "ಗೂಡಿಗೆ ಮುದ್ರೆ ಒತ್ತು. ಕೀಳೋ ಅಧಿಕಾರ ನಿಂದು. ನನಗಿಲ್ಲ," ಅಂದರು.

ಅವಳಿಗೆ ನಗು ಬಂತು, ನಗಲಿಲ್ಲ. ತಂತಿ ಪೋಣಿಸುವುದನ್ನು ಅವರೇ ಹೇಳಿಕೊಟ್ಟರು. ಅವಳು ಒತ್ತಿದ ಮುದ್ರೆ ಸೊಟ್ಟಗಿತ್ತು. ಸೊಟ್ಟ ಅಂತ ಅವರು ಅಂದೂಬಿಟ್ಟರು. ಅಂದವರೇ ಕೋಣೆಯಿಂದ ಹೊರಗೆ ನಡೆದರು.

ಆಮೇಲೆ ಶುರುವಾಯಿತು ಸಾಹೇಬರ ವನವಾಸ. ಜಾಲರಿಯ ಮೇಲಿಂದ ನೀರು ಚಿಮುಕಿಸುವುದು ಮಗಳು. ನಾಲ್ಕು ದಿನಕ್ಕೊಮ್ಮೆ ಮುದ್ರೆ ಕಿತ್ತು ಇಲಿ ತೋರಿಸಿ, ಮತ್ತೆ ಒತ್ತುವುದೂ ಮಗಳೇ. ಸಾಹೇಬರು ಆ ಬಾಗಿಲ ಮುಂದೆ ಹೋಗುವಾಗ ಕತ್ತು ಗೋಡೆಯ ಕಡೆ ತಿರುಗಿಸುತ್ತಿದ್ದರು. ಖಾಲಿಯಾದ ಕೈ ಎಲ್ಲಿಗೆ ಹೋಗಬೇಕು? ಅಡುಗೆಮನೆಗೆ ಹೋಯಿತು. ಹೆಂಡತಿ ಸೌಟು ತೋರಿಸಿ, ಇದಕ್ಕೂ ಒಂದು ಮುದ್ರೆ ಒತ್ತಿಸಲೇನ್ರೀ ಅಂದಳು. ಅಲ್ಲಿಂದಲೂ ವಾಪಸು ಬಂದರು. ಒಂದು ರಾತ್ರಿ ಊಟಕ್ಕೆ ಕೂತಾಗ ಯಾರ ತಟ್ಟೆಯ ಬಗ್ಗೆಯೂ ಏನೂ ಹೇಳಲಿಲ್ಲ. ತಾಯಿ ಮಗಳು ಮುಖ ಮುಖ ನೋಡಿಕೊಂಡರು, ಮೈ ಸರಿಯಿಲ್ಲವೇನೋ ಅಂತ.

ಹದಿನೇಳನೇ ದಿನ ಮುಸ್ಸಂಜೆ. ಮಗಳು ದೀಪವಾರಿಸಿ ಚಿಮಟ ಹಿಡಿದು ಒಳಗಿದ್ದಳು. ಸಾಹೇಬರು ಅಡುಗೆಮನೆಯ ಸ್ಟೂಲಿನ ಮೇಲೆ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಮಗಳು ಹೊರಬಂದಳು.

"ತಿಂತು."

ಅವರ ಕಣ್ಣು ತುಂಬಿ ಬಂತು. ಎಷ್ಟು ಗ್ರಾಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಅದರ ಬದಲು, ಹಾಗಾದರೆ ರೂಮು ಬೇಡ ತಾನೇ ಅಂತ ಕೇಳಿದರು.

ಮಗಳು ಪಕ್ಕದಲ್ಲಿ ಕೂತಳು. "ಬೇಕಪ್ಪ. ಹಾವಿಗೆ ಇದ್ದಿದ್ದು ಒಂದು ತಿಂಗಳ ಕಾಟ, ಹದಿನೇಳು ದಿನ ಸಾಕಾಯ್ತು. ನನ್ನದು ಇಪ್ಪತ್ತಮೂರು ವರ್ಷದ್ದು."

ಅವರು ಕೈಗಳನ್ನು ತೊಡೆಯಡಿ ಇನ್ನಷ್ಟು ಒಳಕ್ಕೆ ತಳ್ಳಿಕೊಂಡರು.

"ಹಾವು ಇಲ್ಲೇ ಇರಲಿ. ಈಗಷ್ಟೇ ಒಗ್ಗಿದೆ, ಜಾಗ ಬದಲಿಸೋದು ಬೇಡ. ಇನ್ಮೇಲೆ ನೀನೇ ನೋಡ್ಕೋ. ನಿನಗೆ ಈಗ ಬರತ್ತೆ," ಅಂದಳು.

ಭಾನುವಾರ ಅವಳು ಹೊರಟಳು. ಬಸ್ ನಿಲ್ದಾಣದವರೆಗೆ ಸಾಹೇಬರೇ ಚೀಲ ಹೊತ್ತರು. ಹದಿನಾಲ್ಕು ಕಿಲೋಗೆ ನೂರು ಗ್ರಾಂ ಕಮ್ಮಿ, ಕೈಗೆ ಗೊತ್ತಾಗಿಬಿಟ್ಟಿತ್ತು. ಇಷ್ಟೆಲ್ಲ ಯಾಕೆ ತುಂಬಿದ್ದಾಳೆ, ಪಟ್ಟಿ ಕಿತ್ತುಹೋಗುತ್ತದೆ, ಅರ್ಧ ಇಲ್ಲೇ ಬಿಟ್ಟು ಹೋಗಬಹುದಿತ್ತು. ಬಸ್ಸು ಬಂತು. ಮಗಳು ಕೈ ಚಾಚಿ, ತುಂಬ ಭಾರ ಇತ್ತೇನಪ್ಪ ಅಂದಳು.

"ಏನೂ ಇಲ್ಲ. ಹಗುರಾಗೇ ಇದೆ," ಅಂದರು ತಕ್ಕಡಿ ಸಾಹೇಬರು.

ಚೀಲವನ್ನು ಒಂದೇ ಕೈಯಲ್ಲಿ ಎತ್ತಲಾಗದೆ ಅವಳು ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. ಮೆಟ್ಟಿಲ ಮೇಲೆ ಒಮ್ಮೆ ನಿಂತು, ತಿರುಗಿ ಅಪ್ಪನ ಮುಖ ನೋಡಿದಳು.